ಚುಕ್ಕಿ ಕಂಡಲ್ಲಿ ಕತ್ತರಿ

ನಮ್ಮ ಸೋದರಮಾವ ಒಂದು ಚುಕ್ಕಿಯ ಮೇಲೆ ಯುದ್ಧ ಸಾರಿದವರು. ನಗಬೇಡಿ! ಬೆಟ್ಟದಪುರದಲ್ಲಿ ಹೊಗೆಸೊಪ್ಪು ಬೆಳೆಯುವ ಈ ಮನುಷ್ಯ ಹಟ ಹಿಡಿದರೆ ಅವರ ಟ್ರ್ಯಾಕ್ಟರ್ ಕೂಡ ಎದುರಾಡುವುದಿಲ್ಲ.

ಗಂಟಲಿನ ಆಪರೇಷನ್ ಆಗಿ ಅತ್ತೆಯ ದನಿ ಹೋಯಿತು. ಅವರು ಫೋನಿನಲ್ಲಿ ಬರೆಯುವುದು, ಫೋನು ಅದನ್ನು ಗಟ್ಟಿಯಾಗಿ ಓದುವುದು ಎಂದು ಏರ್ಪಾಡಾಯಿತು. ಆದರೆ ಪದಗಳ ನಡುವೆ ಜಾಗ ಬಿಡಲು ಹೋದ ಅತ್ತೆಯ ಬೆರಳು ಪ್ರತಿಸಲವೂ ಪಕ್ಕದ ಚುಕ್ಕಿಯ ಮೇಲೇ ಬೀಳಬೇಕೆ? ‘ಕಾಫಿ.ತಣ್ಣಗಾಯ್ತು.ಕುಡೀರಿ’ ಎಂದು ಬರೆದರೆ ಫೋನು “ಕಾಫಿ ಚುಕ್ಕಿ ತಣ್ಣಗಾಯ್ತು ಚುಕ್ಕಿ ಕುಡೀರಿ” ಎನ್ನುತ್ತಿತ್ತು.

“ಅತ್ತೆಗೇ ನೋಡ್ಕೊಂಡು ಒತ್ತಕ್ಕೆ ಹೇಳಿ ಮಾವ,” ಎಂದೆ.

“ಮದ್ವೆ ಆದಾಗ್ಲಿಂದ ಅವ್ಳನ್ನ ಬದ್ಲಾಯ್ಸಕ್ಕೆ ಆಗ್ನಿಲ್ಲ ಕಣವ್ವ! ಫೋನ್ ಬದ್ಲಾಯ್ಸೋದೇ ಸಲೀಸು.”

ಅಂದಿನಿಂದ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಎಂಬ ಗೂಡಿನ ಬೆಂಕಿ ಕಾಯುತ್ತಲೇ ಯೂಟ್ಯೂಬ್ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯತೊಡಗಿದರು. ಅದರಲ್ಲಿ ‘ಸ್ಪ್ಲಿಟ್’ ಎಂಬ ಆಜ್ಞೆ ಇದೆಯಂತೆ. ಇಂಥ ಗುರುತು ಕಂಡಲ್ಲಿ ಕತ್ತರಿಸು ಎಂದರೆ ಬರಹವನ್ನು ತುಂಡು ತುಂಡು ಮಾಡಿ ಕೊಡುತ್ತದೆ. ತುಂಡುಗಳನ್ನು ಜಾಗ ಬಿಟ್ಟು ಜೋಡಿಸಿದರೆ ಮುಗಿಯಿತು!

ಎಲ್ಲಿ ಮುಗಿಯುತ್ತದೆ? ಮೊದಲ ಸಲ ಮಾವನ ಕತ್ತರಿ ಅಕ್ಷರ ಅಕ್ಷರಕ್ಕೂ ಬಿತ್ತು. ಫೋನು ತೊದಲಿತು. ಅತ್ತೆ ಸದ್ದಿಲ್ಲದೆ ನಕ್ಕು ನಕ್ಕು ಕೆಮ್ಮಿದರು. ಎರಡನೆಯ ಸಲ ಅತ್ತೆ ‘ಸಕ್ಕರೆ.1.5.ಚಮಚ.ಹಾಕಿ’ ಎಂದು ಬರೆದರು. ಕತ್ತರಿ ಒಂದೂವರೆಯ ಚುಕ್ಕಿಯನ್ನೂ ಬಿಡಲಿಲ್ಲ! “ಸಕ್ಕರೆ ಒಂದು ಐದು ಚಮಚ ಹಾಕಿ,” ಎಂದಿತು ಫೋನು. ಮಾವ ಆರು ಚಮಚ ಸುರಿದರು. ಕಾಫಿ ಬಾಯಿಗಿಟ್ಟ ಅತ್ತೆ ಕಣ್ಣು ಕೆಕ್ಕರಿಸಿದರು.

“ಒಂದೂ ಐದೂ ಸೇರುದ್ರೆ ಆರಲ್ವೇನೇ?”

ಅತ್ತೆ ಏನೋ ಒತ್ತಿದರು. “ನಿಮ್ಮ ತಲೆ!” ಎಂದಿತು ಫೋನು. ಬೈಗುಳಕ್ಕೆ ಮಾತ್ರ ಯಾವ ತೊದಲೂ ಇಲ್ಲ!

ಮಾವ ಬಿಡಲಿಲ್ಲ. ಎರಡು ಅಂಕಿಗಳ ನಡುವಿನ ಚುಕ್ಕಿಯನ್ನು ಮುಟ್ಟಬೇಡ ಎಂದು ಇನ್ನೊಂದು ಆಜ್ಞೆ ಬರೆದರು. ತಪ್ಪಾಯಿತು, ತಿದ್ದಿದರು, ಮತ್ತೆ ತಪ್ಪಾಯಿತು, ಮತ್ತೆ ತಿದ್ದಿದರು.

ಕಳೆದ ತಿಂಗಳು ಹುಣಸೂರಿನ ಛತ್ರದಲ್ಲಿ ನನ್ನ ತಮ್ಮನ ಮದುವೆ. ದನಿ ಹೋದ ಮೇಲೆ ಅತ್ತೆ ನಾಲ್ಕು ಜನರ ನಡುವೆ ಬಂದದ್ದು ಅದೇ ಮೊದಲು. ಯಾರಾದರೂ ಮಾತಾಡಿಸಿದಾಗ ಫೋನು ಕೈಕೊಟ್ಟರೆ ಎಂಬ ಹೆದರಿಕೆಗೆ ಮಾವ ಅವರ ಪಕ್ಕದಿಂದ ಕದಲಲಿಲ್ಲ. ತಿಂಡಿಗೂ ಏಳಲಿಲ್ಲ. ಊಟದ ಪಂಕ್ತಿಯಲ್ಲಿ ಬಡಿಸುವವರು ಹತ್ತಿರ ಬಂದಾಗ ಅತ್ತೆ ಫೋನನ್ನು ಎತ್ತಿ ಹಿಡಿದರು.

“ನಮ್ಮೆಜಮಾನ್ರು ಬೆಳಗ್ಗಿಂದ ಏನೂ ತಿಂದಿಲ್ಲ. ಮೊದಲು ಅವ್ರಿಗೆ ಬಡಿಸಿ.”

ಇಡೀ ಸಾಲಿಗೆ ಕೇಳಿಸಿತು. ಮಾವ ಮೊದಲ ತುತ್ತು ಬಾಯಿಗಿಟ್ಟು ತೋಳಿನಿಂದ ಕಣ್ಣೊರೆಸಿಕೊಂಡರು.

“ಖಾರ ಕಣವ್ವ,” ಎಂದರು ನನ್ನ ಕಡೆ ತಿರುಗಿ.

ಎಲೆಗೆ ಆಗಿನ್ನೂ ಬಡಿಸಿದ್ದದ್ದು ಪಾಯಸ ಮಾತ್ರ.