ಮಾನಿಟರ್ ಕೊಳ್ಳಲು ಹೊರಟ ಧಾರೆ ಸೀರೆ

ಬಣ್ಣದ ವಿಷಯದಲ್ಲಿ ಮುಳಬಾಗಿಲಿಗೆ ನಾನೇ ಸುಪ್ರೀಂ ಕೋರ್ಟು ಎಂಬ ಸದಭಿಪ್ರಾಯ ನನಗೆ ಬಹಳ ಕಾಲದಿಂದ ಇತ್ತು. ಮದುವೆಯ ಆಲ್ಬಮ್, ವಿಡಿಯೋ, ಹುಟ್ಟುಹಬ್ಬದ ಫ್ಲೆಕ್ಸ್, ಎಲ್ಲವೂ ನನ್ನ ಸ್ಟುಡಿಯೋದಲ್ಲಿ ತಯಾರಾಗುತ್ತವೆ. ಹಾಗಾಗಿ ನಾದಿನಿ ಮಮತಾಳ ಮದುವೆ ಆಲ್ಬಮ್ ನನ್ನ ಜವಾಬ್ದಾರಿ ಎಂದು ಮಾವನವರ ಮುಂದೆ ಎದೆ ತಟ್ಟಿ ಹೇಳಿದೆ. ಬೇಡ ಎನ್ನುವಷ್ಟು ದೂರದೃಷ್ಟಿ ಅವರಿಗೂ ಇರಲಿಲ್ಲ.

ಆಲ್ಬಮ್ ಅಚ್ಚಾಗಿ ಪುಂಗನೂರಿಗೆ, ಮಮತಾಳ ಅತ್ತೆಯ ಮನೆಗೆ ಹೋಯಿತು. ಮಾರನೆಯ ದಿನವೇ ಫೋನು. ನನ್ನ ಹೆಂಡತಿ ಶೈಲಜಾ ಸ್ಪೀಕರ್ ಹಾಕಿದಳು.

"ಮೇಮು ಪೆಟ್ಟಿನ ಚೀರ ಏದಮ್ಮಾ?" ಎಂದರು ಮಮತಾಳ ಅತ್ತೆ, ತೆಲುಗಿನಲ್ಲಿ.

ನಾವು ಕೊಟ್ಟ ಸೀರೆ ಎಲ್ಲಿ ಎಂಬುದು ಪ್ರಶ್ನೆ. ಗಂಡಿನ ಕಡೆಯವರು ಧಾರೆಗೆಂದು ಕೊಟ್ಟದ್ದು ದಾಳಿಂಬೆ ಬಣ್ಣದ ರೇಷ್ಮೆ ಸೀರೆ. ಆಲ್ಬಮ್‌ನಲ್ಲಿ ಅದು ಬದನೆಕಾಯಿಯಾಗಿತ್ತು. ಅದೂ ಸುಟ್ಟ ಬದನೆಕಾಯಿ. ಮದುವೆಗೆ ಬಾರದ ನೆಂಟರೆಲ್ಲ ಆಲ್ಬಮ್ ನೋಡಿ, "ನೀವು ಕೊಟ್ಟ ಸೀರೆ ಸೊಸೆಗೆ ಹಿಡಿಸಲಿಲ್ಲವೇ? ಧಾರೆಗೆ ಕಪ್ಪು ಸೀರೆ ಉಟ್ಟಿದ್ದಾಳಲ್ಲ?" ಎಂದು ಕೇಳುತ್ತಿದ್ದರಂತೆ. ಸೀರೆ ತೆಗೆದು ತೋರಿಸೋಣವೆಂದರೆ ಅದು ಡ್ರೈ ವಾಷ್‌ಗೆಂದು ನಮ್ಮ ಮನೆಯಲ್ಲೇ ಉಳಿದಿತ್ತು. ಹೊಸ ಸೊಸೆ ಬಂದವರಿಗೆಲ್ಲ ಕಾಫಿಯ ಜೊತೆ ಸಮಜಾಯಿಷಿಯನ್ನೂ ಕೊಡಬೇಕಾಯಿತು.

"ತಪ್ಪು ನನ್ನದಲ್ಲ, ಮಾನಿಟರ್‌ದು," ಎಂದೆ ನಾನು. "ಅದರಲ್ಲಿ ನೋಡು, ದಾಳಿಂಬೆಯೇ ಕಾಣುತ್ತೆ."

"ಹಂಗಾದ್ರೆ ನಿಮ್ಮ ಮಾನಿಟರ್‌ನೇ ಪುಂಗನೂರಿಗೆ ಕಳಿಸ್ಬಿಡಿ," ಎಂದಳು ಶೈಲಜಾ.

ಹೊಸ ಮಾನಿಟರ್ ಕೊಳ್ಳಲು ಇಬ್ಬರೂ ಕೋಲಾರಕ್ಕೆ ಹೋದೆವು. ಕಂಪ್ಯೂಟರ್ ಅಂಗಡಿಯ ರಿಯಾಜ್ ಭಾಯ್ ನಮ್ಮನ್ನು ಆದರದಿಂದ ಕೂರಿಸಿ, ಐಪಿಎಸ್ ಪ್ಯಾನೆಲ್ಲಾ, ವಿಎ ಪ್ಯಾನೆಲ್ಲಾ, ಫೋರ್ ಕೆ ಬೇಕಾ, ಎಷ್ಟು ನಿಟ್ಸ್, ಎಷ್ಟು ಹರ್ಟ್ಸ್, ಪರದೆ ಬಾಗಿರಬೇಕಾ ನೆಟ್ಟಗಿರಬೇಕಾ ಎಂದು ವಿಚಾರಿಸಿದರು. ಎಲ್ಲದಕ್ಕೂ ನಾನು ಗಂಭೀರವಾಗಿ "ಒಳ್ಳೇದು ಕೊಡಿ" ಎಂದೆ.

ಗೋಡೆಯ ಉದ್ದಕ್ಕೂ ಮಾನಿಟರುಗಳು. ಎಲ್ಲದರಲ್ಲೂ ಒಂದೇ ವಿದೇಶಿ ಗಿಳಿ ಹಾರುತ್ತಿತ್ತು. ಒಂದರಲ್ಲಿ ಕೆಂಪು ಗಿಳಿ, ಪಕ್ಕದ್ದರಲ್ಲಿ ಕಿತ್ತಳೆ ಗಿಳಿ, ಅದರಾಚೆ ಗುಲಾಬಿ ಗಿಳಿ. ಯಾವುದು ನಿಜವಾದ ಗಿಳಿ? ನನಗೆ ತಲೆ ಸುತ್ತಿತು.

"ನಾವ್ಯಾವತ್ತು ರೀ ಈ ಗಿಳಿ ನೋಡಿದ್ದೀವಿ? ಗೊತ್ತಿರೋ ಬಣ್ಣ ಹಿಡ್ಕೊಂಡು ನೋಡ್ಬೇಕು," ಎನ್ನುತ್ತಾ ಶೈಲಜಾ ಚೀಲದಿಂದ ಧಾರೆ ಸೀರೆಯನ್ನು ಹೊರತೆಗೆದಳು!

ಎಂಥ ಬುದ್ಧಿ! ಪೆನ್ ಡ್ರೈವ್‌ನಲ್ಲಿದ್ದ, ನಾನಿನ್ನೂ ಬಣ್ಣ ತಿದ್ದಿರದ ಮಮತಾಳ ಫೋಟೋವನ್ನು ಎಲ್ಲ ಪರದೆಗಳ ಮೇಲೂ ಹಾಕಿಸಿ, ಒಂದೊಂದರ ಪಕ್ಕದಲ್ಲೂ ಸೀರೆ ಹಿಡಿದು ನೋಡಿದೆವು. ಅಂಗಡಿಯ ಬಿಳಿ ದೀಪದಲ್ಲಿ ಸೀರೆಯೇ ಬೀಟ್‌ರೂಟ್ ಬಣ್ಣಕ್ಕೆ ತಿರುಗಿತ್ತು. ಶೈಲಜಾ ಅದನ್ನು ಬಿಸಿಲಿಗೆ ಒಯ್ದಳು. ಅಲ್ಲಿ ದಾಳಿಂಬೆ. ಒಳಗೆ ತಂದಳು. ಬೀಟ್‌ರೂಟ್. ಆಕೆ ಹೀಗೆ ಒಳಗೂ ಹೊರಗೂ ಓಡಾಡುವುದನ್ನು ಕಂಡ ಹೆಂಗಸೊಬ್ಬರು ಸೆರಗು ಮುಟ್ಟಿ ನೋಡಿ, "ಇದ್ರಲ್ಲೇ ಹಸಿರು ಐತಾ ಅಮ್ಮಾ?" ಎಂದು ಕೇಳಿದರು.

ರಿಯಾಜ್ ಭಾಯ್ ಕೈಮುಗಿದರು. "ಅಕ್ಕಾ, ಮಾನಿಟರ್‌ಗೆ ಗ್ಯಾರಂಟಿ ಕೊಡ್ತೀನಿ. ಸೀರೆಗೆ ನಾನ್ ಕೊಡಕ್ಕಾಗಲ್ಲ."

ಕೊನೆಗೆ ಅವರೇ ಒಂದು ಮಾನಿಟರನ್ನು ಬಾಗಿಲ ಬಳಿಯ ಬೆಳಕಿಗೆ ತಂದಿಟ್ಟರು. ಸೀರೆಗೂ ಫೋಟೋಗೂ ತಾಳೆಯಾಯಿತು. ಇದ್ದದ್ದನ್ನು ಇದ್ದ ಹಾಗೇ ತೋರಿಸುವ ಮಾನಿಟರ್ ಎಂದರು. ನನಗೆ ಬೇಕಾದದ್ದೂ ಅದೇ.

ಮನೆಗೆ ಬಂದು ಸ್ಟುಡಿಯೋದ ಕಿಟಕಿಗೆ ಪರದೆ ಎಳೆದು, ಬಾಗಿಲು ಓರೆ ಮಾಡಿ, ಹಿಂದೆ ತಿದ್ದಿ ಕೆಡಿಸಿದ್ದ ಪುಟಗಳನ್ನು ತೆರೆದು ಕೆಲಸಕ್ಕೆ ಕೂತೆ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಅಂಗಡಿ ಮುಚ್ಚಿದೆ ಎಂದು ವಾಪಸು ಹೋದರು. ಶೈಲಜಾ ಕಿಟಕಿಯ ಸಂದಿಯಲ್ಲಿ ಸೀರೆ ಹಿಡಿದು, "ಇನ್ನೊಂಚೂರು ಕೆಂಪು, ಜಾಸ್ತಿ ಆಯ್ತು, ಸಾಕು" ಎಂದು ಅಡುಗೆಗೆ ಉಪ್ಪು ಹೇಳಿದಂತೆ ಹೇಳುತ್ತಿದ್ದಳು. ಪ್ರತಿ ಪುಟದಲ್ಲೂ ನಾನು ಸೀರೆಯನ್ನೇ ನೋಡಿದೆ. ಸೀರೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಆಲ್ಬಮ್ ಮತ್ತೆ ಅಚ್ಚಾಯಿತು. ಈ ಸಲ ಆಲ್ಬಮ್, ಸೀರೆ, ಹೆಂಡತಿ ಸಮೇತ ನಾನೇ ಪುಂಗನೂರಿಗೆ ಹೋದೆ. ನಡುಮನೆಯ ತುಂಬ ನೆಂಟರು. ಮಮತಾಳ ಅತ್ತೆ ಧಾರೆಯ ಪುಟ ತೆರೆದು, ಸೀರೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರು. ಎರಡೂ ದಾಳಿಂಬೆ. ಮಮತಾ ಉಸಿರು ಬಿಟ್ಟಳು. ನಾನು ಕಾಲರ್ ಸರಿಮಾಡಿಕೊಂಡೆ.

ಆಕೆ ಪುಟ ತಿರುವಿದರು. ನಮ್ಮ ಕುಟುಂಬದ ಫೋಟೋ. ಕನ್ನಡಕ ಏರಿಸಿ ಹತ್ತಿರ ಹಿಡಿದರು.

"ಇದೇನಮ್ಮಾ, ನಿಮ್ಮ ಬಾವನ ಮೀಸೆ ಕೆಂಪಗೈತೆ? ಮನುಷ್ಯರಿಗೆ ಇಂಥಾ ಮೀಸೆ ಇರುತ್ತಾ? ನಮ್ಮ ಸೀರೆ ತರ ಕಾಣ್ಲಿ ಅಂತ ಎಲ್ಲಕ್ಕೂ ಕೆಂಪು ಬಣ್ಣ ಸುರಿದವ್ರೆ!"

ನೆಂಟರು ಆಲ್ಬಮ್ಮಿಗೆ ಮುತ್ತಿಕೊಂಡರು. "ಔನು ಔನು," ಎಂದು ಎಲ್ಲರೂ ತಲೆಯಾಡಿಸಿದರು. ಮಮತಾಳ ಮುಖ ಸಣ್ಣಗಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನತ್ತ ನೋಡಿದಳು. ಪಾಪ, ಈ ಹುಡುಗಿ ಇನ್ನೆಷ್ಟು ದಿನ ಆಡದ ಸುಳ್ಳಿಗೆ ಉತ್ತರ ಹೇಳಬೇಕು ಎನಿಸಿತು. ಸಹಾಯಕ್ಕೆಂದು ಶೈಲಜಾಳನ್ನು ನೋಡಿದೆ. ಆಕೆ ಸೂರು ನೋಡುತ್ತಿದ್ದಳು. ಭಾನುವಾರ ಭಾನುವಾರ ನಾನು ಮೀಸೆಗೆ ಏನು ಹಚ್ಚುತ್ತೇನೆಂದು ಬಲ್ಲವಳು ಆಕೆಯೊಬ್ಬಳೇ. ಅಚ್ಚ ಕಪ್ಪು ಎಂದು ಡಬ್ಬದ ಮೇಲೆ ಬರೆದಿತ್ತು. ಹಳೆಯ ಆಲ್ಬಮ್ಮೂ ಅದನ್ನೇ ಹೇಳಿತ್ತು, ನಡುಮನೆಯ ಮಬ್ಬು ಬೆಳಕೂ ಅದನ್ನೇ ಹೇಳುತ್ತಿತ್ತು.

ಬೇರೆ ದಾರಿಯಿರಲಿಲ್ಲ. ಎದ್ದು ಕಿಟಕಿಯ ಬಿಸಿಲಿಗೆ ಹೋಗಿ ನಿಂತೆ.

"ಅಮ್ಮಾ, ಆಲ್ಬಮ್ ತಂದು ತಾಳೆ ನೋಡಿ," ಎಂದೆ.

ಆಕೆ ತಂದರು. ಫೋಟೋವನ್ನು ನನ್ನ ಮೂಗಿನ ಕೆಳಗೆ ಹಿಡಿದು, ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ನೆಂಟರೂ ಸಾಲಾಗಿ ಬಂದು ನೋಡಿದರು.

"ಕರೆಕ್ಟೇ," ಎಂದು ಆಕೆ ತೀರ್ಪು ಕೊಟ್ಟರು. "ಬಣ್ಣದಲ್ಲಿ ಮೋಸ ಇಲ್ಲ."

ಮಮತಾಳ ಮಾನ ಉಳಿಯಿತು. ಈಗ ಆ ಮನೆಗೆ ಬಂದ ನೆಂಟರು ಸೀರೆಯ ಮಾತೇ ಎತ್ತುವುದಿಲ್ಲವಂತೆ. ಆಲ್ಬಮ್ ಕೈಗೆ ಕೊಟ್ಟ ಕೂಡಲೇ, ಮೀಸೆ ಯಾವ ಪುಟದಲ್ಲಿದೆ ಎಂದು ಕೇಳುತ್ತಾರಂತೆ.