ಅಂದಾಜು ಪಟ್ಟಿಯ ಕೊನೆಯ ಸಾಲಿನ ‘ಇತರೆ ಖರ್ಚು’ ಅವರಿಗೆ

ಮಾನ್ಯ ‘ಇತರೆ ಖರ್ಚು’ ಅವರೇ,

ನಮ್ಮ ಮನೆಯ ಅಂದಾಜು ಪಟ್ಟಿಯಲ್ಲಿ ಇಪ್ಪತ್ತಮೂರನೆಯ ಸಾಲನ್ನು ಅಲಂಕರಿಸಿರುವ ತಮಗೆ, ಇನ್ನೂ ಒಂದು ಇಟ್ಟಿಗೆಯನ್ನೂ ಕಾಣದ ಖಾಲಿ ನಿವೇಶನದ ಒಡೆಯನ ಸವಿನಯ ವಂದನೆಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ. ಕಳೆದ ನಾಲ್ಕು ತಿಂಗಳಲ್ಲಿ ನಮ್ಮ ಮನೆಯಲ್ಲಿ ಮೈ ತುಂಬಿಕೊಂಡವರು ತಾವೊಬ್ಬರೇ.

ಮನೆ ಕಟ್ಟಿ ನೋಡು ಎಂದ ಹಿರಿಯರು, ಕಟ್ಟುವ ಮೊದಲು ಪಟ್ಟಿ ಮಾಡಿ ನೋಡು ಎನ್ನುವುದನ್ನು ಯಾಕೋ ಮರೆತರು. ಎಂಜಿನಿಯರ್ ಮಹಾಶಯರು ಪಟ್ಟಿ ಓದಿದ ದಿನ ತಾವು ಎಳ್ಳಿನಷ್ಟಿದ್ದಿರಿ. “ಇದು ಹಾಗೇ ಸುಮ್ನೆ ಇರ್ಲಿ ಸರ್, ಮೊಳೆ ಗಿಳೆಗೆ” ಎಂದು ಅವರು ಹೇಳಿದ್ದರು. ಆದರೆ ನಮ್ಮ ಮನೆಯವರು ಬಲು ಚುರುಕು. ಯಾವುದನ್ನೇ ಆಗಲಿ ಹೆಸರು ಹಿಡಿದು ಬರೆಸಿದರೆ ಚರ್ಚೆಯಾಗುತ್ತದೆ, ತಮ್ಮ ಮಡಿಲಿಗೆ ಹಾಕಿದರೆ ಯಾರೂ ಕೇಳುವುದಿಲ್ಲ ಎಂಬುದನ್ನು ಒಂದೇ ವಾರದಲ್ಲಿ ಕಂಡುಕೊಂಡರು. ಅಪ್ಪ, ಕೂತಲ್ಲಿಂದಲೇ ಬೀದಿಯ ಯೋಗಕ್ಷೇಮ ವಿಚಾರಿಸಲು ಒಂದು ಕಲ್ಲುಬೆಂಚು ಸೇರಿಸಿದರು. ಮಗಳು ಸ್ನಾನದ ಮನೆಗೆ ಗಾಜಿನ ಗೋಡೆ. ನಾನು, ಎಂದೂ ಓದದ ಪುಸ್ತಕಗಳಿಗೆ ನೆಲದಿಂದ ಸೂರಿನವರೆಗೆ ಕಪಾಟು. ತಾವು ಯಾರಿಗೂ ಇಲ್ಲವೆನ್ನಲಿಲ್ಲ. ಇಂಥ ವಿಶಾಲ ಹೃದಯ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದಿದ್ದರೆ ನಾನು ಈ ಪತ್ರವನ್ನೇ ಬರೆಯುತ್ತಿರಲಿಲ್ಲ.

ನನ್ನ ಹೆಂಡತಿಯೂ ತಮ್ಮನ್ನು ನಂಬಿದಳು. ಅವಳು ಬಟ್ಟೆ ಹೊಲಿಯುವವಳು. ಹದಿನಾರು ವರ್ಷಗಳಿಂದ ಈ ಬಾಡಿಗೆ ಮನೆಯ ಇಕ್ಕಟ್ಟು ನಡುಮನೆಯಲ್ಲಿ, ಯಾರಾದರೂ ಬಚ್ಚಲಿಗೆ ಹೊರಟಾಗಲೆಲ್ಲ ಎದ್ದು ಮೆಷಿನ್ ಸರಿಸಿ, ಮತ್ತೆ ಕೂತು ಹೊಲಿದಿದ್ದಾಳೆ. ನಿವೇಶನದ ಅರ್ಧ ಹಣ ಬಂದದ್ದೇ ಆ ಮೆಷಿನ್ನಿನಿಂದ. ಅವಳಿಗೆ ಬೇಕಾಗಿದ್ದದ್ದು ಎಂಟಕ್ಕೆ ಹತ್ತು ಅಡಿಯ, ದೊಡ್ಡ ಕಿಟಕಿಯ ಒಂದು ಹೊಲಿಗೆ ಕೋಣೆ. ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟು, ಅವಳೂ ತಮ್ಮಲ್ಲೇ ಇಟ್ಟಳು.

ಬ್ಯಾಂಕಿನವರು “ಇಷ್ಟೇ, ಇನ್ನು ಬಿಡಿಗಾಸೂ ಇಲ್ಲ” ಎಂದ ದಿನ, ಅಪ್ಪ, ಮಗಳು, ನಾನು ಮೂವರೂ ಒಬ್ಬರಿಗೊಬ್ಬರು ತಿಳಿಯದಂತೆ ಎಂಜಿನಿಯರಿಗೆ ಫೋನ್ ಮಾಡಿದೆವು. ಕಲ್ಲುಬೆಂಚು ‘ಅಡಿಪಾಯ’ಕ್ಕೆ ಬಡ್ತಿ ಪಡೆಯಿತು, ಗಾಜು ‘ನಲ್ಲಿ ಕೆಲಸ’ಕ್ಕೆ, ಕಪಾಟಿಲ್ಲದಿದ್ದರೆ ಮನೆಯೇ ಕುಸಿಯುವುದೆಂಬಂತೆ ವಾದಿಸಿ ನಾನು ಅದನ್ನು ‘ಗೋಡೆ’ಗೆ ಸೇರಿಸಿದೆ. ಹೆಂಡತಿ ಫೋನ್ ಮಾಡಲಿಲ್ಲ. ಭಾನುವಾರ ಎಲ್ಲರೂ ಕೂತು ಖರ್ಚು ಇಳಿಸಲು ಹೊರಟಾಗ, “ಈ ಇತರೆ ತೆಗೆದುಬಿಡೋಣ, ಅದರಲ್ಲಿ ಏನಿದೆ ಮಹಾ!” ಎಂದು ನಾನೇ ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಅಪ್ಪ ಭೇಷ್ ಎಂದರು. ಹೆಂಡತಿ “ಇರ್ಲಿ ಬಿಡಿ” ಎಂದಷ್ಟೇ ಹೇಳಿ ಎದ್ದು ಮೆಷಿನ್ ಸರಿಸಿದಳು, ಅಪ್ಪನಿಗೆ ಬಚ್ಚಲಿಗೆ ಹೋಗಬೇಕಿತ್ತು.

ಆ ಗೀಟಿನಡಿ ಉಳಿದಿದ್ದದ್ದು ಅವಳ ಕೋಣೆಯೊಂದೇ ಎಂದು, ಹೊಸ ನಕ್ಷೆ ತಂದ ಎಂಜಿನಿಯರ್ ಹೇಳಿದ ಮೇಲೆ ನನಗೆ ಗೊತ್ತಾಯಿತು. ಹೊಲಿಗೆ ಕೋಣೆಯ ಜಾಗದಲ್ಲಿ ಕಾರು ನಿಲ್ಲಿಸುವ ತಾಣವಿದೆ, ನಮ್ಮಲ್ಲಿ ಕಾರಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಆದ್ದರಿಂದ ತಾವು ದಯಮಾಡಿ ಆ ಕೆಂಪು ಗೀಟಿನ ಅಡಿಯಿಂದ ಕೋಣೆಯನ್ನು ಕಿಟಕಿ ಸಮೇತ ಮರಳಿಸಬೇಕೆಂದೂ, ಅದಾಗದಿದ್ದರೆ ಹದಿನಾರು ವರ್ಷಗಳ ಬೆಳಕನ್ನಾದರೂ ಒಂದೇ ಕಂತಿನಲ್ಲಿ ಪಾವತಿಸಬೇಕೆಂದೂ, ಗೀಟು ಎಳೆದದ್ದು ಸ್ವತಃ ತಾವೇ ಎಂದು ಮುಚ್ಚಳಿಕೆ ಬರೆದುಕೊಟ್ಟು ನಾನು ಮನೆಯಲ್ಲಿ ತಲೆಯೆತ್ತಿ ಓಡಾಡಲು ಅನುವು ಮಾಡಿಕೊಡಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಕೈಗೆ ಇನ್ನೂ ಕೆಂಪು ಶಾಯಿ ಅಂಟಿರುವ ಗೃಹಸ್ಥ

ಮರೆತ ಮಾತು: ಅಂಚೆಗೆ ಹಾಕುವ ಮೊದಲೇ ಹೆಂಡತಿ ಇದನ್ನು ಓದಿದಳು. ತಾನೇ ಎಂಜಿನಿಯರಿಗೆ ಫೋನ್ ಮಾಡಿ, ಪಟ್ಟಿಯ ಮೊದಲ ಸಾಲಿನಲ್ಲಿ, ಅಡಿಪಾಯಕ್ಕಿಂತಲೂ ಮೇಲೆ, ‘ಹೊಲಿಗೆ ಕೋಣೆ’ ಎಂದು ಬರೆಸಿದಳು. ಅದಕ್ಕೆ ದುಡ್ಡೆಲ್ಲಿ ಎಂದು ಕೇಳಿದೆ. “ಅಡುಗೆ ಮನೆ ತೆಗೆಸಿದ್ದೀನಿ. ಹಸಿವಾಗೋರು ಅವರವರ ಹೆಸರಲ್ಲಿ ಬರೆಸ್ಕೊಳ್ಳಲಿ” ಎಂದಳು.