ನರಸಿಂಹಪ್ಪ ಆರಿಸಿದ ಪದ

ತಿಥಿಯ ಶಾಮಿಯಾನ ಬಿಚ್ಚಿಕೊಂಡು ಹೋದ ಮಾರನೆಯ ಬೆಳಗ್ಗೆ ಕೆಂಚಾರ್ಲಹಳ್ಳಿಯಲ್ಲಿ ಎಂದಿನಂತೆ ಹಾಲಿನ ಕ್ಯಾನುಗಳು ಡೇರಿಗೆ ಹೋದವು. ಹರಿಕೃಷ್ಣನ ಮನೆಯ ಜಗುಲಿಯನ್ನು ಎಂದಿನಂತೆ ಕೋಳಿಗಳು ಹತ್ತಿದವು. ಪಕ್ಕದ ಬೀದಿಯ ನರಸಿಂಹಪ್ಪ ಮಾತ್ರ ಆ ಮನೆಯ ಮುಂದೆ ಹೋಗುವುದು, ಬರುವುದು, ಕೆಮ್ಮುವುದು ಮಾಡುತ್ತಿದ್ದ.

ಅವನಿಗೆ ಬೇಕಾಗಿದ್ದು ತನ್ನ ಚಂದ್ರಿಕೆಗಳು. ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಆ ಬಿದಿರಿನ ತಟ್ಟಿಗಳನ್ನು ಹಿಂದಿನ ಬೆಳೆಗೆ ಹರಿಕೃಷ್ಣ ಎರವಲು ಒಯ್ದಿದ್ದ. ವಾಪಸು ಕೊಡುವ ಮೊದಲೇ ಜ್ವರ ಬಂತು, ಮನುಷ್ಯ ಹೋಗಿಯೇಬಿಟ್ಟ. ಈಗ ನರಸಿಂಹಪ್ಪನ ಹುಳ ಹಣ್ಣಾಗಿದೆ. ಹಣ್ಣಾದ ಹುಳ ಹೆರಿಗೆ ನೋವಿನ ಹಾಗೆ, ನಾಳೆ ನೋಡೋಣ ಅಂದರೆ ಕೇಳುವುದಿಲ್ಲ. ಆದರೆ ಸಾವಾದ ಮನೆಯಲ್ಲಿ ಕೊಟ್ಟದ್ದನ್ನು ಬಾಯಿಬಿಟ್ಟು ಕೇಳಬಾರದು, ಅವರೇ ಕೊಡಬೇಕು. ಊರಿನ ವಾಡಿಕೆ.

ಚಂದ್ರಿಕೆಗಳು ಅಲ್ಲೇ, ಗೋಡೆಗೆ ಒರಗಿ ನಿಂತು ಅವನನ್ನೇ ನೋಡುತ್ತಿದ್ದವು. ಜಗುಲಿಯಲ್ಲಿ ಹರಿಕೃಷ್ಣನ ಹೆಂಡತಿ ಶಿರೀಷಾ ಕೂತಿದ್ದಳು. ಚಿಂತಾಮಣಿಯ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಹುಳದ ಮನೆಯ ವ್ಯವಹಾರವೆಲ್ಲ ಗಂಡನದೇ ಆಗಿತ್ತು. ಅವಳು ತಲೆಯೆತ್ತಿದಳು. ಆ ಮುಖ ನೋಡಿ ನರಸಿಂಹಪ್ಪ ಜಗುಲಿಯ ಕೋಳಿಗಳನ್ನು ಓಡಿಸತೊಡಗಿದ.

ಅಷ್ಟರಲ್ಲಿ ಶಿರೀಷಾಳ ಮೂರು ವರ್ಷದ ಮಗಳು ಕೀರ್ತನಾ ಲೋಟ ಚಾಚಿದಳು. "ತಾತ, ತಾಪಿ ತುಡಿ."

ಏನಾದರೂ ಆಡಬೇಕಲ್ಲ ಎಂದು ನರಸಿಂಹಪ್ಪ ಅಂದುಬಿಟ್ಟ: "ಮಗೂಗೆ ‘ಕ’ ತಿರುಗಲ್ವೇನಮ್ಮ?"

ಒಳಗಿನಿಂದ ಅತ್ತೆ ಮುನಿಗಂಗಮ್ಮ ಓಡಿಬಂದಳು. "ಅಯ್ಯೋ, ನನ್ನ ಮಗ ಹೋದ ಏಟಿಗೆ ಮಗೂನ ನಾಲಗೆ ಬಿದ್ದೋಯ್ತಾ!"

"ಮೊದಲಿಂದಲೂ ಹೀಗೇ ಅತ್ತೆ," ಎಂದಳು ಶಿರೀಷಾ. ಕೇಳುವವರು ಯಾರು? ಗೋಡೆಯಾಚೆಯಿಂದ ಕೊಂಡಮ್ಮನ ತಲೆ ಮೂಡಿತು. "ಬಜೆ ತೇದು ನೆಕ್ಕಿಸ್ರಮ್ಮ! ಮೀ ಇಂಟ್ಲೋ ಉಂದಿ ಗದಾ ನರಸಿಂಹಪ್ಪ, ನಿಮ್ಮನೇಲಿ ಇದೆಯಲ್ಲ, ಓಡೋಗಿ ತಾರಪ್ಪ."

ಚಂದ್ರಿಕೆ ತರಲು ಹೋದವನು ಬಜೆ ಕೇಳಲು ಮನೆಗೆ ಬಂದ. ಹೆಂಡತಿ ರಾಮಲಕ್ಷ್ಮಮ್ಮ ಹುಳದ ತಟ್ಟೆಗಳ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಚಂದ್ರಿಕೆ ಎಲ್ಲಿ?"

"ಬಜೆ ಎಲ್ಲಿ?"

"ಹುಳ ತಲೆ ಎತ್ತಿ ನಿಮ್ಮನ್ನೇ ಹುಡುಕ್ತಾ ಇವೆ. ನಿಮಗೆ ಬಜೆನಾ?"

ಬಜೆ ಹಿಡಿದು ಬೈಕಿನಲ್ಲಿ ವಾಪಸು ಹೋಗುವ ದಾರಿಯಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ತಾನು ಕೇಳಬಾರದು, ಸರಿ. ಮಗು ಹೇಳಬಹುದಲ್ಲ? ಬಜೆ ನೆಕ್ಕಿ ಕೀರ್ತನಾ ಅಜ್ಜಿಯ ಸೀರೆಯ ಮೇಲೆ ಕಾಪಿಯನ್ನೆಲ್ಲ ಕಕ್ಕಿದ ಮೇಲೆ, ನರಸಿಂಹಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಹೇಳಮ್ಮ, ಚಂದ್ರಿಕೆ."

"ತಂದಿತೆ."

"ನರಸಿಂಹಪ್ಪ ತಾತನ ಚಂದ್ರಿಕೆ."

"ನಲತಿಂಪ್ಪ ತಾತನ ತಂದಿತೆ!"

ಅವನು ಶಿರೀಷಾಳ ಕಡೆ ಆಸೆಯಿಂದ ನೋಡಿದ. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಒಂದಿಷ್ಟು ಬೆಳಕು ಬಂತು. "ಎಂಥ ಒಳ್ಳೇ ಪದ ಹುಡುಕಿದ್ರಿ ಮಾವ! ಚ, ಕ, ಒತ್ತಕ್ಷರ... ಇವಳಿಗೆ ಕಷ್ಟ ಆಗೋದೆಲ್ಲ ಒಂದರಲ್ಲೇ ಇದೆ."

ನರಸಿಂಹಪ್ಪ ಗೋಡೆಯ ಕಡೆ ಬೆರಳು ತೋರಿಸಿದ. "ಮಗು ಕಣ್ಣಿಂದ ನೋಡ್ಕೊಂಡು ಹೇಳ್ಲಿ ಅಂತ..."

"ಅದೂ ಸರಿಯೇ," ಎಂದಳು ಶಿರೀಷಾ.

ಕೊಂಡಮ್ಮ ಗೋಡೆ ದಾಟಿ ಒಳಗೇ ಬಂದಿದ್ದಳು. "ಇದು ಬಜೆಗೆ ಬಗ್ಗಲ್ಲ. ನಾಲಗೆ ಕೆಳಗಿನ ದಾರ ಕುಯ್ಯಿಸ್ಬೇಕು. ಗೊತ್ತಿರೋ ಅಯ್ಯ ಒಬ್ರಿದಾರೆ, ಬ್ಲೇಡಲ್ಲಿ ಹಿಂಗಂದ್ರೆ ಆಯ್ತು."

"ಕರೆಸೇಬಿಡು," ಎಂದಳು ಮುನಿಗಂಗಮ್ಮ.

ಶಿರೀಷಾ ಮಗುವನ್ನು ಎದೆಗವಚಿಕೊಂಡಳು. ನರಸಿಂಹಪ್ಪ ಧಡಕ್ಕನೆ ಎದ್ದ. ತನ್ನ ಒಂದು ಮಾತಿಗೆ ಮಗುವಿನ ನಾಲಗೆಗೆ ಬ್ಲೇಡು! "ಯಾರೂ ಮುಟ್ಬೇಡಿ! ಹತ್ತಮ್ಮ ಗಾಡಿ, ಚಿಂತಾಮಣಿ ಡಾಕ್ಟ್ರ ಹತ್ರ ಹೋಗಣ," ಎಂದು ಬೈಕು ಒದ್ದ. ದಾರಿಯುದ್ದಕ್ಕೂ ಜೇಬಿನಲ್ಲಿ ಫೋನು ರೇಷ್ಮೆ ಹುಳದ ಹಾಗೆ ಒದ್ದಾಡುತ್ತಿತ್ತು. ಅವನು ತೆಗೆಯಲಿಲ್ಲ. ಹುಳಕ್ಕೆ ಏನು ಜವಾಬು ಹೇಳುವುದು?

ಮಕ್ಕಳ ಡಾಕ್ಟರು ನಾಲಗೆ ನೋಡಿದರು, ಕಿವಿ ನೋಡಿದರು. "ಏನಾದ್ರೂ ಹೇಳು ಪುಟ್ಟಿ."

"ನಲತಿಂಪ್ಪ ತಾತನ ತಂದಿತೆ!"

ಡಾಕ್ಟರು ನಕ್ಕರು. "ನಾಲಗೆಗೇನೂ ಆಗಿಲ್ಲ. ಈ ವಯಸ್ಸಲ್ಲಿ ತುಂಬಾ ಮಕ್ಕಳು ‘ಕ’ ಅನ್ನೋಕೆ ‘ತ’ ಅಂತಾರೆ, ಒತ್ತಕ್ಷರ ನುಂಗ್ತಾರೆ. ‘ಕ’ ನಾಲ್ಕರ ಹೊತ್ತಿಗೆ ಬರತ್ತೆ, ‘ರ’ ಇನ್ನೂ ನಿಧಾನ. ತಿದ್ದಿ ತಿದ್ದಿ ಹಿಂಸೆ ಕೊಡ್ಬೇಡಿ. ನೀವು ಸರಿಯಾಗಿ ಮಾತಾಡ್ತಾ ಇರಿ, ಸಾಕು. ಅದಿರಲಿ, ಚಂದ್ರಿಕೆ ಹೇಳಿಕೊಡೋರು ಯಾರು?"

"ನಮ್ಮ ಮಾವ," ಎಂದಳು ಶಿರೀಷಾ ಹೆಮ್ಮೆಯಿಂದ.

ಊರಿಗೆ ಬಂದಾಗ ಇಳಿಹೊತ್ತು. ಗೋಡೆ ಬರಿದಾಗಿತ್ತು.

"ಚಂದ್ರಿಕೆ?" ಕೊನೆಗೂ ನರಸಿಂಹಪ್ಪ ಬಾಯಿಬಿಟ್ಟ.

"ಕೊಂಡಮ್ಮ ತಗೊಂಡೋದ್ಲು ಕಣಪ್ಪ," ಎಂದಳು ಮುನಿಗಂಗಮ್ಮ. "ಅವಳ ಹುಳ ಹಣ್ಣಾಗಿತ್ತಂತೆ, ಎರವಲು ಕೇಳಿದ್ಲು. ಸುಮ್ಮನೆ ನಿಂತಿದ್ವಲ್ಲ ಅಂತ ಕೊಟ್ಟೆ. ಆಗ್ಲೇ ಹುಳ ಬಿಟ್ಟೂ ಆಯ್ತಂತೆ."

ಕೊಟ್ಟದ್ದನ್ನು ಕೇಳಬಾರದು ಅಷ್ಟೇ. ಹೊಸದಾಗಿ ಎರವಲು ಕೇಳಲು ವಾಡಿಕೆಯ ಅಡ್ಡಿಯಿರಲಿಲ್ಲ. ಫೋನು ಮತ್ತೆ ಒದ್ದಾಡಿತು. ಈ ಸಲ ತೆಗೆದ. "ಅರ್ಧ ಹುಳ ಎಲೆಕಡ್ಡಿಗೇ ಗೂಡು ಕಟ್ತಾ ಇವೆ," ಎಂದಳು ರಾಮಲಕ್ಷ್ಮಮ್ಮ. "ನೀವು ಅಲ್ಲೇ ಇರಿ."

ಅವನು ಮೆಟ್ಟಿಲು ಇಳಿದ. ಹಿಂದಿನಿಂದ ಶಿರೀಷಾ ಕರೆದಳು.

"ಮಾವ, ನಿಂತ್ಕೊಳಿ. ಬೆಳಗ್ಗೆಯಿಂದ ಏನೋ ಕೇಳ್ಬೇಕು ಅಂತ ಬಂದು, ಕೇಳಕ್ಕಾಗದೆ ಒದ್ದಾಡ್ತಾ ಇದ್ರಿ. ನನಗೀಗ ಹೊಳೀತು." ಅವಳ ಕಣ್ಣು ತುಂಬಿತ್ತು. "ಇವರು ನಿಮ್ಮ ಹತ್ರ ತಗೊಂಡಿದ್ದು ನಮ್ಮನೇಲೇ ಉಳಿದುಬಿಟ್ಟಿತ್ತು. ನಿಮ್ಮ ಹೆಸರು ಕೆತ್ತಿದೆ ನೋಡಿ."

ಅದು ಹಿಪ್ಪುನೇರಳೆ ಕಡ್ಡಿ ಕತ್ತರಿಸುವ ದೊಡ್ಡ ಕತ್ತರಿ. ಹಣ್ಣಾದ ಹುಳ ಎಲೆಯನ್ನು ಮೂಸಿಯೂ ನೋಡುವುದಿಲ್ಲ.

"ತಾತನ ತತ್ತಲಿ," ಎಂದಳು ಕೀರ್ತನಾ. ತಿದ್ದಬಾರದೆಂದು ಡಾಕ್ಟರು ಹೇಳಿದ್ದರಲ್ಲ, ನರಸಿಂಹಪ್ಪ ಏನನ್ನೂ ತಿದ್ದಲಿಲ್ಲ. ಎರಡೂ ಕೈ ಒಡ್ಡಿದ. ಶಿರೀಷಾ ಕತ್ತರಿಯನ್ನು ಸೆರಗಿನಿಂದ ಒಮ್ಮೆ ಒರೆಸಿ, ಅವನ ಕೈಗಿಟ್ಟಳು.